ಪ್ರವಾಸದ ಬಸ್ಸು ರಾತ್ರಿ ಹೊರಡುವುದಿಲ್ಲ

ಪೋಷಕರೇ, ನಮಸ್ಕಾರ.

ಪ್ರವಾಸದ ಸುತ್ತೋಲೆ ಕೈಸೇರಿದ ಮೇಲೆ ನಿಮ್ಮಲ್ಲಿ ಹಲವರು ಕೇಳಿದ್ದು ಒಂದೇ ಮಾತು. ರಾತ್ರಿ ಊಟ ಮುಗಿಸಿ ಹೊರಟರೆ ಮಕ್ಕಳು ಬಸ್ಸಿನಲ್ಲೇ ನಿದ್ದೆ ಮಾಡುತ್ತಾರೆ, ಒಂದು ದಿನ ಉಳಿಯುತ್ತೆ ಅಲ್ವಾ ಮೇಡಂ?

ಮಕ್ಕಳು ನಿದ್ದೆ ಮಾಡಲಿ, ಬೇಡ ಅನ್ನಲ್ಲ. ನನಗೆ ಭಯ ಇರುವುದು ಡ್ರೈವರ್ ನಿದ್ದೆಯದ್ದು. ನಸುಕಿನ 2ರಿಂದ 5 ಗಂಟೆಯೊಳಗೆ ಎಂಥ ಪಳಗಿದವರಿಗೂ ಕಣ್ಣು ಎಳೆಯುತ್ತದೆ, ಹಾಡು ಜೋರು ಮಾಡಿದರೂ ಕಿಟಕಿ ತೆಗೆದರೂ ಅದು ಸ್ವಲ್ಪ ಹೊತ್ತಿನ ಆಟ ಅಷ್ಟೇ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ರೆಪ್ಪೆ ಮುಚ್ಚಿದರೆ ಬಸ್ಸು 44 ಮೀಟರ್ ದಾಟಿರುತ್ತದೆ. ಆದ್ದರಿಂದ ಬೆಳಗ್ಗೆ 6ಕ್ಕೆ ಹೊರಡುತ್ತೇವೆ, ಕತ್ತಲಾಗುವ ಮುಂಚೆ ತಲುಪುತ್ತೇವೆ. ಯುರೋಪಿನ ನಿಯಮದಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಚಾಲಕ 45 ನಿಮಿಷ ವಿರಾಮ ತಗೊಳ್ಳಲೇಬೇಕು. ನಾವು ಎರಡು ಗಂಟೆಗೊಮ್ಮೆ ನಿಲ್ಲಿಸುತ್ತೇವೆ, ಮಕ್ಕಳಿಗೂ ಅದು ಬೇಕೇ ಬೇಕು.

ಬಸ್ಸು ನೋಡಲು ನಾನೇ ಹೋಗಿದ್ದೆ. ಮೊದಲು ತೋರಿಸಿದ ಬಸ್ಸಿನಲ್ಲಿ ತುರ್ತು ಬಾಗಿಲಿಗೆ ಅಡ್ಡವಾಗಿ ಇನ್ನೊಂದು ಸೀಟು ಕೂರಿಸಿದ್ದರು, ಬಾಡಿಗೆಗೆ ನಾಲ್ಕು ಜನ ಜಾಸ್ತಿ ಹಿಡಿಸಲಿ ಅಂತ. ಅದು ಬೇಡ ಅಂದೆ. ಎರಡನೆಯದರ ಟೈರ್ ಬಗ್ಗೆ ಕೇಳಿದರೆ "ಹೊಸದೇ ಮೇಡಂ, ಹೆಂಗೆ ಹೊಳೀತಿದೆ ನೋಡಿ" ಎಂದರು. ಹೊಳಪು ಪಾಲಿಷಿನದ್ದು! ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2319 ಎಂದಿದ್ದರೆ 2019ರ 23ನೇ ವಾರ ತಯಾರಾಗಿದ್ದು ಎಂದರ್ಥ. ಟೈರಿನ ಮೇಲಿನ ಗೀರುಗಳು ಇನ್ನೂ ಆಳವಾಗಿದ್ದರೂ ಹಳೇ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ನಿಮ್ಮ ಗಾಡಿಯದ್ದೂ ಒಮ್ಮೆ ಬಗ್ಗಿ ನೋಡಿ. ಮೂರನೇ ಬಸ್ಸು ಒಪ್ಪಿಗೆಯಾಯಿತು.

ಇಬ್ಬರ ಸೀಟಿನಲ್ಲಿ ಮೂವರು ಚಿಕ್ಕವರನ್ನು ಕೂರಿಸಿ ಒಂದು ಬಸ್ಸು ಉಳಿಸೋಣ ಎಂಬ ಸಲಹೆಯೂ ಬಂತು. ಆಗುವುದಿಲ್ಲ. ಒಂದು ಮಗುವಿಗೆ ಒಂದು ಸೀಟು, ಒಂದು ಬೆಲ್ಟ್. ಬೆಲ್ಟ್ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬರಬೇಕು, ಮನೆಯಲ್ಲೇ ಹೇಳಿಕೊಡಿ. ಹತ್ತಿದ ಕೂಡಲೇ ತುರ್ತು ಬಾಗಿಲು ಎಲ್ಲಿದೆ, ಗಾಜು ಒಡೆಯುವ ಸುತ್ತಿಗೆ ಎಲ್ಲಿದೆ ಅಂತ ಶಿಕ್ಷಕರು ತೋರಿಸುತ್ತಾರೆ. ಸುತ್ತಿಗೆಯಲ್ಲಿ ಗಾಜಿನ ನಡುವೆ ಅಲ್ಲ, ಮೂಲೆಗೆ ಹೊಡೆಯಬೇಕು. ಇದು ದೊಡ್ಡವರಿಗೇ ಗೊತ್ತಿರಲ್ಲ.

ನಿಮ್ಮಿಂದ ಬೇಕಾದ್ದು ಇಷ್ಟು. ಒಬ್ಬರಿಗೆ ಒಂದೇ ಚೀಲ, ಓಡಾಡುವ ದಾರಿಯಲ್ಲಿ ಏನೂ ಇಡಬಾರದು. "ಎಲ್ಲಿದ್ದೀರಿ" ಅಂತ ಡ್ರೈವರ್‌ಗೆ ಫೋನ್ ಮಾಡಬೇಡಿ, ದಯವಿಟ್ಟು. ಜೊತೆಗಿರುವ ಶಿಕ್ಷಕರಿಗೆ ಮಾಡಿ. ಕರೆದುಕೊಂಡು ಹೋಗಲು ಬಂದಾಗ ರಸ್ತೆಯ ಆಚೆ ನಿಂತು ಕೈ ಬೀಸಬೇಡಿ, ಬಸ್ಸಿನ ಬಾಗಿಲ ಕಡೆಗೇ ಬನ್ನಿ. ನಿಮ್ಮನ್ನು ಕಂಡ ಖುಷಿಯಲ್ಲಿ ಮಗು ಬಸ್ಸಿನ ಮುಂದಿನಿಂದಲೇ ಓಡುತ್ತದೆ, ಅಷ್ಟು ಎತ್ತರದಲ್ಲಿ ಕೂತವರಿಗೆ ಮೂತಿಯ ಕೆಳಗಿನ ಪುಟ್ಟ ತಲೆ ಕಾಣುವುದೇ ಇಲ್ಲ.

ವಾಂತಿ ಆಗುವ ಮಕ್ಕಳ ಹೆಸರು ಶುಕ್ರವಾರದೊಳಗೆ ತಿಳಿಸಿ, ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ. ಡ್ರೈವರ್ ಪಕ್ಕದಲ್ಲಿ ಮಾತ್ರ ಇಲ್ಲ, ಎಷ್ಟೇ ಹಠ ಮಾಡಿದರೂ.

ಇತಿ,
ಮುಖ್ಯ ಶಿಕ್ಷಕಿ