ಆನ್‌ಲೈನ್ ಪ್ಯಾರಾಲೀಗಲ್ ಕೋರ್ಸಿಗೆ ಹಣ ಕಟ್ಟುವ ಮುನ್ನ

ಮಾನ್ಯ ಸಂಪಾದಕರೇ,

ಪಿಯುಸಿ, ಪದವಿ ಫಲಿತಾಂಶ ಬಂದದ್ದೇ ತಡ, ‘ಮನೆಯಲ್ಲೇ ಕುಳಿತು ಪ್ಯಾರಾಲೀಗಲ್ ಆಗಿ, ಕೈತುಂಬ ಸಂಬಳ ಪಡೆಯಿರಿ’ ಎಂಬ ಜಾಹೀರಾತುಗಳು ನಮ್ಮ ಕೊಡಗು ಜಿಲ್ಲೆಯ ಹುಡುಗ ಹುಡುಗಿಯರ ಮೊಬೈಲಿಗೆ ಸಾಲುಗಟ್ಟಿ ಬರುತ್ತವೆ. ಪ್ಯಾರಾಲೀಗಲ್ ಎಂದರೆ ವಕೀಲರ ಕಾನೂನು ಕೆಲಸಕ್ಕೆ ನೆರವಾಗುವ ಸಹಾಯಕರು. ಈ ವಿದ್ಯೆ ಕಲಿಯುವುದು ಒಳ್ಳೆಯದೇ. ಮಡಿಕೇರಿಯಿಂದ ಪೊನ್ನಂಪೇಟೆಯವರೆಗೆ ವಕೀಲರ ಕಚೇರಿಗಳಿಗೆ ಕಡತ ಓದಬಲ್ಲ, ವಾಯಿದೆ ಲೆಕ್ಕ ಹಾಕಬಲ್ಲ, ಕನ್ನಡ ಇಂಗ್ಲಿಷ್ ಎರಡರಲ್ಲೂ ಟೈಪ್ ಮಾಡಬಲ್ಲ ಸಹಾಯಕರು ಬೇಕೇ ಬೇಕು. ಆದರೆ ಪ್ರಮಾಣಪತ್ರ ಹಿಡಿದು ಬರುವವರಿಗೂ ಕಚೇರಿಯ ಕೆಲಸಕ್ಕೂ ನಡುವೆ ದೊಡ್ಡ ಕಂದಕವಿದೆ. ಅದು ಎಲ್ಲಿದೆ, ಅದನ್ನು ಮುಚ್ಚುವುದು ಹೇಗೆ ಎಂದು ಹೇಳಲು ಈ ಪತ್ರ.

ಮೊದಲಿಗೆ ಕಾನೂನಿನ ಸ್ಥಿತಿ. ಭಾರತದಲ್ಲಿ ಪ್ಯಾರಾಲೀಗಲ್ ಕೆಲಸಕ್ಕೆ ಲೈಸೆನ್ಸ್ ಎಂಬುದೇ ಇಲ್ಲ. 1961ರ ವಕೀಲರ ಅಧಿನಿಯಮದಂತೆ ವಕೀಲಿ ನಡೆಸುವ ಹಕ್ಕು ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ. ಹಕ್ಕಿಲ್ಲದೆ ನ್ಯಾಯಾಲಯದಲ್ಲಿ ವಕೀಲಿ ಮಾಡಿದರೆ 45ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸವಾಗಬಹುದು. ಪ್ಯಾರಾಲೀಗಲ್ ಏನಿದ್ದರೂ ವಕೀಲರ ಕೈಕೆಳಗೆ, ಅವರ ಹೊಣೆಯಲ್ಲಿ ಕೆಲಸ ಮಾಡುವವರು. ‘ಸರ್ಕಾರಿ ಪ್ಯಾರಾಲೀಗಲ್ ಲೈಸೆನ್ಸ್ ಕೊಡಿಸುತ್ತೇವೆ’ ಎನ್ನುವ ಸಂಸ್ಥೆಯ ಕಡೆ ತಲೆಯನ್ನೂ ಹಾಕಬೇಡಿ.

ಇನ್ನೊಂದು ಗೊಂದಲವಿದೆ. ಉಚಿತ ಕಾನೂನು ನೆರವು ನೀಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಅರೆ ಕಾನೂನು ಸ್ವಯಂಸೇವಕರನ್ನೂ ಪ್ಯಾರಾಲೀಗಲ್ ಎಂದೇ ಕರೆಯುತ್ತಾರೆ. ಅದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2009ರಲ್ಲಿ ತಂದ ಯೋಜನೆ. ಎಸ್ಸೆಸ್ಸೆಲ್ಸಿ ಮಟ್ಟದ ಓದು ಇದ್ದವರನ್ನು ಆರಿಸಿ ತರಬೇತಿಯನ್ನು ಪ್ರಾಧಿಕಾರವೇ ಕೊಡುತ್ತದೆ. ಕೆಲಸ ಮಾಡಿದ ದಿನಕ್ಕೆ ಗೌರವಧನವಿದೆ, ತಿಂಗಳ ಸಂಬಳವಿಲ್ಲ. ಇದಕ್ಕೆ ಅರ್ಜಿ ಹಾಕಲು ಯಾವ ಆನ್‌ಲೈನ್ ಕೋರ್ಸೂ ಬೇಕಿಲ್ಲ, ಯಾರಿಗೂ ಹಣ ಕೊಡಬೇಕಿಲ್ಲ. ಜನರೊಡನೆ ಬೆರೆತು ಕಾನೂನು ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಂಬಳದ ಕೆಲಸಕ್ಕಾಗಿ ಓದುವವರಿಗೆ ದಾರಿಗಳು ಹಲವು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಪ್ಯಾರಾಲೀಗಲ್ ಡಿಪ್ಲೊಮಾಗೆ ಪಿಯುಸಿ ಸಾಕು. ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ಕಲಿಕೆಯ ಪೋರ್ಟಲಿನಲ್ಲಿ ಕಾನೂನು ಪಾಠಗಳನ್ನು ಉಚಿತವಾಗಿ ಕೇಳಬಹುದು, ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಖಾಸಗಿ ಕೋರ್ಸುಗಳಿಗಂತೂ ಲೆಕ್ಕವಿಲ್ಲ. ಅಮೆರಿಕದ ಪಠ್ಯವನ್ನೇ ಇಲ್ಲಿ ಮಾರುವವರೂ ಇದ್ದಾರೆ. ಬೆಂಗಳೂರಿನಲ್ಲಿ ವಿದೇಶಿ ಕಕ್ಷಿದಾರರ ಕರಾರುಪತ್ರ ಪರಿಶೀಲಿಸುವ ಕಂಪನಿ ಸೇರುವವರಿಗೆ ಅದು ಉಪಯೋಗಕ್ಕೆ ಬಂದೀತು, ವಿರಾಜಪೇಟೆ ಕೋರ್ಟಿನ ಕಡತಕ್ಕೆ ಬಾರದು. ಮೂರು ಅಥವಾ ಐದು ವರ್ಷದ ಎಲ್‌ಎಲ್‌ಬಿಗೂ ಈ ಯಾವ ಪ್ರಮಾಣಪತ್ರವೂ ಬದಲಿಯಾಗುವುದಿಲ್ಲ.

ಹಣ ಕಟ್ಟುವ ಮುನ್ನ ಪಠ್ಯಕ್ರಮ ತರಿಸಿ ನೋಡಿ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮದ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ವಂಚನೆಯ 420ನೇ ಕಲಂ ಈಗ 318(4). ಜೀವನಾಂಶದ 125 ಈಗ 144. ಎಫ್‌ಐಆರ್‌ನ 154 ಈಗ 173. ಹಳೆಯ ವಿಡಿಯೊಗಳಿಗೆ ಹೊಸ ತಲೆಬರಹ ಅಂಟಿಸಿದ ಕೋರ್ಸು ಈ ಮೂರರಲ್ಲೇ ಸಿಕ್ಕಿಬೀಳುತ್ತದೆ. ಹಾಗೆಂದು ಹಳೆಯದನ್ನು ಬಿಡುವಂತೆಯೂ ಇಲ್ಲ. ಆ ದಿನಕ್ಕೆ ಮೊದಲು ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯ, ಆಗ ಬಾಕಿಯಿದ್ದ ವಿಚಾರಣೆಗಳು ಹಳೆಯ ಪ್ರಕ್ರಿಯೆಯಲ್ಲೇ ಸಾಗುತ್ತಿವೆ. ಎಸ್ಟೇಟ್ ಕಾರ್ಮಿಕರ ವಿಷಯ ಹೇಳಿಕೊಡುವವರೂ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಗೇ ನಿಂತರೆ ಸಾಲದು. ಅದೂ ಸೇರಿ 29 ಕಾಯ್ದೆಗಳನ್ನು ಒಳಗೊಂಡ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿವೆ.

ಎರಡನೆಯದಾಗಿ, ಬರೆಸಿ ತಿದ್ದುತ್ತಾರೆಯೇ ಎಂದು ಕೇಳಿ. ನಾಲ್ಕು ಉತ್ತರದಲ್ಲಿ ಒಂದಕ್ಕೆ ಟಿಕ್ ಹಾಕಿಸಿ ಪ್ರಮಾಣಪತ್ರ ಕೊಡುವ ಕೋರ್ಸಿನಿಂದ ಕೆಲಸ ಬರುವುದಿಲ್ಲ. ಕನಿಷ್ಠ ಒಂದು ಲೀಗಲ್ ನೋಟಿಸ್, ಒಂದು ಅಫಿಡವಿಟ್, ಒಂದು ಮಧ್ಯಂತರ ಅರ್ಜಿ, ಒಂದು ದಿನಾಂಕ ಪಟ್ಟಿ ಬರೆಸಿ, ಕೆಂಪು ಗೆರೆ ಎಳೆದು ವಾಪಸು ಕೊಡಬೇಕು.

ದಿನಾಂಕದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೊಸಬರು ಹೆಚ್ಚು ಎಡವುವುದು ಅಲ್ಲೇ. ಚೆಕ್ ಬೌನ್ಸ್ ಪ್ರಕರಣ ತೆಗೆದುಕೊಳ್ಳಿ. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ಕೈಸೇರಿದ ಮೇಲೆ ಹಣ ಕೊಡಲು 15 ದಿನದ ಅವಕಾಶ. ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು. ಈಗ ನೋಟಿಸ್ 2025ರ ಜನವರಿ 20ರಂದು ತಲುಪಿತೆನ್ನಿ. 15 ದಿನ ಫೆಬ್ರವರಿ 4ಕ್ಕೆ ಮುಗಿಯಿತು, ದಾವೆಯ ಕಾರಣ (ಎಂದರೆ ದೂರು ಕೊಡುವ ಹಕ್ಕು) ಫೆಬ್ರವರಿ 5ಕ್ಕೆ ಹುಟ್ಟಿತು, ದೂರಿಗೆ ಕೊನೆಯ ದಿನ ಮಾರ್ಚ್ 5. ‘ಒಂದು ತಿಂಗಳು ಅಂದರೆ 30 ದಿನ’ ಎಂದು ಎಣಿಸಿದವರು ಡೈರಿಯಲ್ಲಿ ಮಾರ್ಚ್ 7 ಎಂದು ಬರೆದಿರುತ್ತಾರೆ. ಫೆಬ್ರವರಿಯಲ್ಲಿ 28 ದಿನ, ಕಾನೂನು ಹೇಳುವುದು ಕ್ಯಾಲೆಂಡರ್ ತಿಂಗಳು. ಎರಡು ದಿನದ ಆ ತಪ್ಪಿಗೆ ವಿಳಂಬ ಮನ್ನಿಸುವಂತೆ ಬೇರೆ ಅರ್ಜಿ, ಅದಕ್ಕೆ ಆಕ್ಷೇಪಣೆ, ಅದರ ವಿಚಾರಣೆ. ಅವಸರ ಮಾಡಿದರೂ ಕಷ್ಟವೇ: 15 ದಿನ ಮುಗಿಯುವ ಮೊದಲೇ ಸಲ್ಲಿಸಿದ ದೂರು ಕಾನೂನಿನ ಕಣ್ಣಿನಲ್ಲಿ ದೂರೇ ಅಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಆದ್ದರಿಂದ ನೋಟಿಸ್ ಹಾಕಿದ ದಿನವನ್ನಲ್ಲ, ತಲುಪಿದ ದಿನವನ್ನು ಬರೆದಿಡಬೇಕು. ಅಂಚೆಯ ಟ್ರ್ಯಾಕಿಂಗ್ ಪುಟವನ್ನು ಅಂದೇ ಪ್ರಿಂಟ್ ತೆಗೆದು ಕಡತಕ್ಕೆ ಸೇರಿಸಬೇಕು, ಕೆಲವು ತಿಂಗಳು ಕಳೆದರೆ ಅದು ವೆಬ್‌ಸೈಟಿನಲ್ಲಿ ಸಿಗುವುದಿಲ್ಲ.

ಮೇಲ್ಮನವಿಯ ವಾಯಿದೆಯೂ ಹೀಗೆಯೇ. ಸಿವಿಲ್ ಡಿಕ್ರಿಯ (ತೀರ್ಪಿನಂತೆ ಹೊರಡುವ ಆದೇಶ) ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ಸಮಯವನ್ನು ಇದರಿಂದ ಕಳೆಯಬಹುದು. ನಕಲಿಗೆ ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ ಅದರ ಮೇಲೆಯೇ ನಮೂದಾಗಿರುತ್ತದೆ. ಆ ಮುದ್ರೆಯಿರುವ ಪುಟವನ್ನು ಖಾಲಿ ಪುಟವೆಂದು ಸ್ಕ್ಯಾನ್ ಮಾಡದೆ ಬಿಟ್ಟರೆ ಲೆಕ್ಕಕ್ಕೆ ಆಧಾರವೇ ಇಲ್ಲ.

ಇನ್ನು ನಮ್ಮ ಜಿಲ್ಲೆಯ ವಿಷಯಕ್ಕೆ ಬರುತ್ತೇನೆ. ಬೇರೆ ಊರಿನ ಶಿಕ್ಷಕರು ಎಷ್ಟೇ ಚೆನ್ನಾಗಿ ಕಲಿಸಿದರೂ ಕೊಡಗಿನ ಪಹಣಿ ಓದುವುದನ್ನು ಕಲಿಸಲಾರರು. ಬಯಲುಸೀಮೆಯ ಉದಾಹರಣೆಗಳೆಲ್ಲ ಎಕರೆ, ಗುಂಟೆಯಲ್ಲಿ ಇರುತ್ತವೆ. ಇಲ್ಲಿ ನಡೆಯುವುದು ಎಕರೆ, ಸೆಂಟು. ಎಕರೆಗೆ 40 ಗುಂಟೆ, 100 ಸೆಂಟು. ‘1.20’ ಎಂದಿರುವುದನ್ನು ಗುಂಟೆ ಎಂದು ಓದಿದರೆ ಒಂದೂವರೆ ಎಕರೆ, ಸೆಂಟು ಎಂದು ಓದಿದರೆ ಒಂದು ಎಕರೆ ಇಪ್ಪತ್ತು ಸೆಂಟು. ದಾವೆಯ ಷೆಡ್ಯೂಲಿನಲ್ಲಿ (ಆಸ್ತಿಯ ವಿವರ ಪಟ್ಟಿ) ಇಂಥ ಒಂದು ತಪ್ಪು ನುಸುಳಿದರೆ ಡಿಕ್ರಿ ಬಂದ ಮೇಲೂ ಸರ್ವೆಯವರು ಅಳತೆ ಮಾಡಿಕೊಡಲು ಒಪ್ಪುವುದಿಲ್ಲ. ಪಹಣಿಯಲ್ಲಿ 9ನೇ ಕಾಲಂ ಸ್ವಾಧೀನದಾರರದು, 10 ಅದು ಬಂದ ಬಗೆಯದು, 11 ಇತರ ಹಕ್ಕು ಮತ್ತು ಋಣಗಳದು. ಹೊಸಬರು 9ನ್ನು ಓದಿ ಪುಟ ಮಡಚುತ್ತಾರೆ. ಸೊಸೈಟಿ ಸಾಲ, ಬ್ಯಾಂಕ್ ಅಡಮಾನ, ಕೋರ್ಟಿನ ತಡೆಯಾಜ್ಞೆ ಇರುವುದು 11ರಲ್ಲಿ.

ಜಮ್ಮಾ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಾದರೆ ಇನ್ನಷ್ಟು ಎಚ್ಚರ ಬೇಕು. ದಾಖಲೆಯಲ್ಲಿ ಪಟ್ಟೇದಾರರ ಹೆಸರಿದ್ದರೂ ಹಕ್ಕು ಇಡೀ ಒಕ್ಕದ (ಒಂದೇ ಮನೆತನದ) ಜನರದ್ದಾಗಿರಬಹುದು. ವಿಭಾಗದ ದಾವೆಗೆ ವಂಶವೃಕ್ಷ ಬರೆಯುವಾಗ ಮೈಸೂರಿನಲ್ಲೋ ದುಬೈಯಲ್ಲೋ ನೆಲೆಸಿದ ಒಬ್ಬರನ್ನು ಬಿಟ್ಟರೂ, ಅಗತ್ಯ ಪಕ್ಷಕಾರರನ್ನು ಸೇರಿಸಿಲ್ಲವೆಂಬ ಆಕ್ಷೇಪ ಮೊದಲ ದಿನವೇ ಬರುತ್ತದೆ. ಬಾಣೆ (ಗದ್ದೆಗೆ ಸೇರಿದ ಮರಗಾಡು ಜಮೀನು), ಸಾಗು, ರಿಡೀಮ್ಡ್ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿದ್ದು), ಅನ್‌ರಿಡೀಮ್ಡ್ (ಕಟ್ಟದ್ದು) ಎಂಬ ನಮೂದುಗಳನ್ನು ಪಹಣಿಯಲ್ಲಿ ಇದ್ದಂತೆಯೇ ಬರೆದುಕೊಳ್ಳಬೇಕು. ಮರದ ಹಕ್ಕು ಯಾರದೆಂಬ ಪ್ರಶ್ನೆ ಆ ನಮೂದಿನ ಮೇಲೆಯೇ ನಿಲ್ಲುತ್ತದೆ, ಸಹಾಯಕರು ಅದನ್ನು ತಮಗೆ ತೋಚಿದಂತೆ ‘ಪಟ್ಟಾ ಜಮೀನು’ ಎಂದು ತಿದ್ದುವಂತಿಲ್ಲ.

ಹಾಡಿಗಳಲ್ಲಿ (ಬುಡಕಟ್ಟು ಜನರ ವಸತಿಗಳು) ಕೆಲಸ ಮಾಡುವವರು 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಬೇರೆಯಾಗಿ ಓದಲೇಬೇಕು. ವೈಯಕ್ತಿಕ ಹಕ್ಕಿಗೆ ಎ ನಮೂನೆ, ಸಮುದಾಯ ಹಕ್ಕಿಗೆ ಬಿ, ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ಸಿ. ಗ್ರಾಮಸಭೆಯ ನಿರ್ಣಯದ ಮೇಲೆ ಉಪವಿಭಾಗ ಸಮಿತಿಗೆ ಹೋಗಲು 60 ದಿನ. ಜೇನುಕುರುಬ, ಯರವ ಕುಟುಂಬಗಳಿಗೆ ತಿರಸ್ಕಾರದ ಕಾರಣವನ್ನು ಬರಹದಲ್ಲಿ ಕೊಡಿಸುವುದೇ ಅರ್ಧ ಕೆಲಸ. ದಿನಾಂಕವಿರುವ ಆ ಕಾಗದ ಕೈಯಲ್ಲಿಲ್ಲದಿದ್ದರೆ 60 ದಿನ ಎಲ್ಲಿಂದ ಶುರುವೆಂದು ತೋರಿಸುವುದೇ ಕಷ್ಟ.

ಕಂಪ್ಯೂಟರ್ ಕೆಲಸದಲ್ಲಿ ಎರಡು ಸಂಗತಿ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಹಳೆಯ ಫಾಂಟ್ ಬಳಸಿ ಟೈಪ್ ಮಾಡಿದ ಕಡತ ಬೇರೆ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ, ಹುಡುಕಿದರೆ ಪದವೂ ಸಿಗದು. ಮೊದಲ ದಿನದಿಂದಲೇ ಯೂನಿಕೋಡ್ ಅಭ್ಯಾಸ ಮಾಡಿ. ಎರಡನೆಯದು ಇ-ಫೈಲಿಂಗ್, ಅಂದರೆ ಕಾಗದಪತ್ರಗಳನ್ನು ಆನ್‌ಲೈನ್‌ನಲ್ಲಿ ಕೋರ್ಟಿಗೆ ಸಲ್ಲಿಸುವುದು. ಮೊಬೈಲಿನಲ್ಲಿ ಫೋಟೊ ತೆಗೆದು ಪಿಡಿಎಫ್ ಮಾಡಿದರೆ ಅಂಚು ಕತ್ತಲಾಗಿ ಸರ್ವೆ ನಂಬರ್ ಓದಲಾಗುವುದಿಲ್ಲ. ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ 300 ಡಿಪಿಐ ಇಟ್ಟು ತೆಗೆಯಿರಿ, ಪದ ಹುಡುಕಲು ಬರುವಂತೆ ಓಸಿಆರ್ (ಚಿತ್ರದಲ್ಲಿನ ಅಕ್ಷರವನ್ನು ಪಠ್ಯವಾಗಿಸುವುದು) ಮಾಡಿ, ಇಂಡೆಕ್ಸಿನ ಪುಟಸಂಖ್ಯೆ ಪಿಡಿಎಫ್ ಪುಟಸಂಖ್ಯೆಗೆ ಹೊಂದುತ್ತದೆಯೇ ನೋಡಿ. ಇ-ಕೋರ್ಟ್ಸ್ ಆಪ್‌ನಲ್ಲಿ 16 ಅಕ್ಷರ, ಅಂಕಿಗಳ ಸಿಎನ್‌ಆರ್ ಸಂಖ್ಯೆ (ಪ್ರತಿ ಪ್ರಕರಣಕ್ಕೂ ಕೊಡುವ ಗುರುತು ಸಂಖ್ಯೆ) ಹಾಕಿ ಮುಂದಿನ ದಿನಾಂಕ ನೋಡುವುದು ಸುಲಭ. ಆದರೂ ಕಾಸ್ ಲಿಸ್ಟ್ (ಆ ದಿನ ವಿಚಾರಣೆಗೆ ಬರುವ ಪ್ರಕರಣಗಳ ಪಟ್ಟಿ) ತೆಗೆದು ಇನ್ನೊಮ್ಮೆ ತಾಳೆ ನೋಡುವವರೇ ಒಳ್ಳೆಯ ಸಹಾಯಕರು.

ಕಕ್ಷಿದಾರರು ವಕೀಲರಿಗೆ ಹೇಳಿದ್ದನ್ನು ಹೊರಗೆ ಆಡಬಾರದೆಂಬ ಕಟ್ಟು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಂತೆ ವಕೀಲರ ಗುಮಾಸ್ತರಿಗೂ ನೌಕರರಿಗೂ ಅನ್ವಯ. ಊರೆಲ್ಲ ನೆಂಟರಾಗಿರುವ ನಮ್ಮಲ್ಲಿ ಇದನ್ನು ಪಾಲಿಸುವುದು ಕಠಿಣ, ಅದಕ್ಕೇ ಮೊದಲು ಕಲಿಸಬೇಕಾದದ್ದೂ ಇದೇ. ಕಕ್ಷಿದಾರರ ಕಾಗದವನ್ನು ಕೃತಕ ಬುದ್ಧಿಮತ್ತೆಯ ಆಪ್‌ಗೆ ಹಾಕಿ ಸಾರಾಂಶ ಬರೆಸುವುದೂ ಗುಟ್ಟು ಹೊರಗೆ ಬಿಟ್ಟಂತೆಯೇ. ಆ ಆಪ್‌ಗಳು ಇಲ್ಲದ ತೀರ್ಪುಗಳನ್ನು ಇದ್ದಂತೆ ಹೇಳುತ್ತವೆ ಕೂಡ. ಪ್ರತಿ ಉಲ್ಲೇಖವನ್ನೂ ಸುಪ್ರೀಂ ಕೋರ್ಟಿನ ತೀರ್ಪುಗಳಿರುವ ಉಚಿತ ಇ-ಎಸ್‌ಸಿಆರ್ ತಾಣದಲ್ಲೋ ಹೈಕೋರ್ಟಿನ ತಾಣದಲ್ಲೋ ತೆರೆದು ಓದದೆ ಟೈಪ್ ಮಾಡಬಾರದು.

ಓದಿನ ವೇಳಾಪಟ್ಟಿಯನ್ನು ನಮ್ಮ ಹವೆಗೆ ತಕ್ಕಂತೆ ಹಾಕಿಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟೂ ನೆಟ್‌ವರ್ಕೂ ಯಾವಾಗ ಹೋಗುತ್ತವೆಂದು ಹೇಳಲಾಗದು. ಹಾಜರಾತಿ ಕಡ್ಡಾಯವಿರುವ ನೇರ ತರಗತಿಗೆ ಆಗ ಸೇರಬೇಡಿ. ಡೌನ್‌ಲೋಡ್ ಮಾಡಿಕೊಳ್ಳಬಹುದಾದ ಪಾಠವಿರಲಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಪರೀಕ್ಷೆ ಬೀಳದಂತೆಯೂ ನೋಡಿ. ವಾರಕ್ಕೆ ಎಂಟು ಗಂಟೆಯಂತೆ ಆರು ತಿಂಗಳು ಓದಿ, ಮತ್ತೆ ಮೂರು ತಿಂಗಳು ಒಂದು ಕಚೇರಿಯಲ್ಲಿ ಕುಳಿತರೆ ಕೆಲಸಕ್ಕೆ ಸೇರುವ ಮಟ್ಟ ಬರುತ್ತದೆ.

ಆ ಮೂರು ತಿಂಗಳೇ ಈಗ ಸಿಗುತ್ತಿಲ್ಲ. ಕೋರ್ಸು ಮುಗಿಸಿದವರನ್ನು ‘ಅನುಭವ ಇದೆಯೇ’ ಎಂದು ಕೇಳಿ ವಾಪಸು ಕಳಿಸುವವರು ನಾವೇ, ವಕೀಲರು. ಜಿಲ್ಲೆಯ ಐದೂ ತಾಲ್ಲೂಕುಗಳ ವಕೀಲರ ಸಂಘಗಳು ಒಂದು ಪಟ್ಟಿ ಮಾಡಲಿ: ಯಾವ ಕಚೇರಿ ವರ್ಷಕ್ಕೆ ಒಬ್ಬರನ್ನು ಬಸ್ ಚಾರ್ಜು, ಊಟದ ಖರ್ಚು ಕೊಟ್ಟು ಮೂರು ತಿಂಗಳು ಕೂರಿಸಿಕೊಳ್ಳುತ್ತದೆ, ಏನು ಕಲಿಸುತ್ತದೆ ಎಂದು. ಅಭ್ಯರ್ಥಿಯಿಂದ ಗೋಪ್ಯತೆಯ ಮುಚ್ಚಳಿಕೆ ಬರೆಸಿಕೊಳ್ಳಲಿ, ಕೊನೆಯಲ್ಲಿ ಮಾಡಿದ ಕೆಲಸಗಳನ್ನು ಹೆಸರಿಸಿ ಪತ್ರ ಕೊಡಲಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವೂ ತನ್ನ ಸ್ವಯಂಸೇವಕರ ತರಬೇತಿಯಲ್ಲಿ ಜಾಗವಿದ್ದಾಗ ಇವರನ್ನು ಕೂರಿಸಿಕೊಳ್ಳುವುದನ್ನು ಪರಿಶೀಲಿಸಲಿ. ಪಟ್ಟಿ ಸಿದ್ಧವಾದರೆ ಪ್ರತಿ ವರ್ಷ ಫಲಿತಾಂಶದ ವಾರದಲ್ಲಿ ಅದನ್ನು ತಾವು ಪತ್ರಿಕೆಯಲ್ಲಿ ಪ್ರಕಟಿಸಬೇಕೆಂದು ವಿನಂತಿ.

ಇಂತಿ,
ಓರ್ವ ವಕೀಲ, ವಿರಾಜಪೇಟೆ