ಬೈಯೋದಾದರೆ ಆರಿಸಿದವರನ್ನು ಬೈಯಿ

ಪ್ರೀತಿಯ ಗೆಳೆಯಾ,

ಮೊನ್ನೆ ನೀನು ಕಳಿಸಿದ ಮೆಸೇಜನ್ನು ಮೂರು ಸಲ ಓದಿದೆ. ಮಾಂಟ್ರಿಯಲ್‌ನ ನಮ್ಮ ಐಸ್ ಹಾಕಿ ತಂಡ ಕೆನೆಡಿಯನ್ಸ್ 2023ರಲ್ಲಿ ಆರಿಸಿಕೊಂಡ ಆಟಗಾರ ರೈನ್‌ಬಾಕರ್ ದಂಡ, ಆ ಹುಡುಗನನ್ನು ಯಾರ ತಲೆಗಾದರೂ ಕಟ್ಟಿ ಕೈ ತೊಳೆದುಕೊಳ್ಳಲಿ, ಅಂತ. ಫೋನಿನಲ್ಲೇ ಉತ್ತರ ಬರೆಯಲು ಹೋಗಿ ಎರಡು ಸಲ ಅಳಿಸಿದೆ. ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ನಾವಿಬ್ಬರೂ ಮೂರು ವರ್ಷದಿಂದ ಇದನ್ನೇ ಹಿಡಿದು ಕಚ್ಚಾಡುತ್ತಿದ್ದೇವೆ. ನಿನ್ನ ಹಾಗೆ ಯೋಚಿಸುವವರು ಇಲ್ಲಿ ಮಾಂಟ್ರಿಯಲ್‌ನಲ್ಲಿ ಬೀದಿಗೆ ಹತ್ತು ಜನ ಸಿಗುತ್ತಾರೆ, ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡ್ತೀನಿ. 2022ರ ಜುಲೈ 7 ನೆನಪಿದೆಯಾ? ಇಲ್ಲಿನ ಹಾಕಿ ಅಂಗಣ ಬೆಲ್ ಸೆಂಟರ್‌ನ ಮೇಲಿನ ಸಾಲಿನಲ್ಲಿ ನೀನೂ ನಾನೂ ಪಕ್ಕಪಕ್ಕ ಕೂತಿದ್ದೆವು. ಹಿಂದಿನ ವರ್ಷ ಸ್ಟ್ಯಾನ್ಲಿ ಕಪ್ ಫೈನಲ್ ಆಡಿದ್ದ ನಮ್ಮ ಕೆನೆಡಿಯನ್ಸ್ ಆ ಸೀಸನ್‌ನಲ್ಲಿ 32 ತಂಡಗಳ ಪೈಕಿ ಕಟ್ಟಕಡೆಗೆ ಬಿದ್ದಿತ್ತು, ಸರದಿ ತೀರ್ಮಾನಿಸುವ ಲಾಟರಿಯಲ್ಲೂ ಗೆದ್ದು ಡ್ರಾಫ್ಟ್‌ನ ಮೊದಲ ಸರದಿ ನಮಗೇ ಬಂದಿತ್ತು, ಅದೂ ನಮ್ಮದೇ ಊರಲ್ಲಿ. (ಹಾಕಿ ನೋಡದವರು ಓದುತ್ತಿದ್ದರೆ ಒಂದು ಮಾತು. ಇದು ಐಪಿಎಲ್ ಥರ ಹರಾಜಲ್ಲ. 18 ವರ್ಷದ ಹುಡುಗರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ, ಸೋತು ತಳ ಸೇರಿದವರಿಗೆ ಸರದಿ ಬೇಗ ಬರುತ್ತದೆ.) ಎಲ್ಲರೂ ಕಾಯುತ್ತಿದ್ದದ್ದು ಶೇನ್ ರೈಟ್ ಹೆಸರಿಗೆ. ಸ್ಟೇಜ್ ಮೇಲಿಂದ ಬಂದದ್ದು ಯುರಾಯ್ ಸ್ಲಾಫ್ಕೋವ್ಸ್ಕಿ ಅಂತ. ಇಡೀ ಹಾಲ್ ಒಂದು ಕ್ಷಣ ಉಸಿರು ಎಳೆದುಕೊಂಡ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ರೈಟ್ ನಾಲ್ಕನೆಯವನಾಗಿ ಸಿಯಾಟಲ್‌ಗೆ ಹೋದ. ಸ್ಟೇಜಿಗೆ ನಡೆಯುವಾಗ ಅವನು ನಮ್ಮ ತಂಡದ ಮೇಜಿನ ಕಡೆ ತಿರುಗಿ ನೋಡಿದ್ದನ್ನು ಟಿವಿಯವರು ಮತ್ತೆ ಮತ್ತೆ ತೋರಿಸಿದರು. ಮೆಟ್ರೋದಲ್ಲಿ ಮನೆಗೆ ಬರುವಾಗ ನಾನು ನಿನಗೆ ಹೇಳಿದ್ದೆ, ಮುಗೀತು, ಇನ್ನು ಹತ್ತು ವರ್ಷ ಇದನ್ನೇ ಅನುಭವಿಸಬೇಕು ಅಂತ.

ನಾನು ಹೇಳಿದ್ದು ತಪ್ಪು. ಸ್ಲಾಫ್ಕೋವ್ಸ್ಕಿ ಮೊದಲ ವರ್ಷ 39 ಪಂದ್ಯದಲ್ಲಿ 4 ಗೋಲು, ಎಲ್ಲ ಸೇರಿ 10 ಪಾಯಿಂಟ್. ಗೋಲಿಗೊಂದು, ಗೋಲಿಗೆ ಪಾಸ್ ಕೊಟ್ಟದ್ದಕ್ಕೊಂದು, ಅಷ್ಟೇ ಪಾಯಿಂಟ್ ಲೆಕ್ಕ. ಆಮೇಲೆ ಮಂಡಿಗೆ ಪೆಟ್ಟು. ಆ ಚಳಿಗಾಲದಲ್ಲಿ ನಾವು ಎಷ್ಟು ಬೈದೆವು! ಮುಂದಿನ ವರ್ಷ 82 ಪಂದ್ಯವನ್ನೂ ಆಡಿ 20 ಗೋಲು, 50 ಪಾಯಿಂಟ್. ಈ ಸಲ, ಅಂದರೆ 2024-25ರಲ್ಲಿ, 51. ನೀನು ತಕ್ಷಣ ಹೇಳ್ತೀಯ, ಮೂರನೆಯವನಾಗಿ ಹೋದ ಲೋಗನ್ ಕೂಲಿ ಈ ಸಲ 65 ಮಾಡಿದ ಅಂತ. ಹೌದು, ಮಾಡಿದ. ಒಳ್ಳೆಯ ಆಟಗಾರ, ಇಲ್ಲ ಅನ್ನಲ್ಲ. ಆದರೆ ನಮ್ಮ ತಂಡದ ಸುಜುಕಿ, ಕಾಫೀಲ್ಡ್ ಜೊತೆ ಸ್ಲಾಫ್ಕೋವ್ಸ್ಕಿ ಆಡುವಾಗ ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ) ಇರುವ ಕಡೆ ನೋಡಬೇಡ, ಅವನೊಬ್ಬನನ್ನೇ ನೋಡು. ಮೂಲೆಯಲ್ಲಿ ಗೋಡೆಗೆ ಒತ್ತಿ ಎದುರಾಳಿಗಳು ಇಬ್ಬರು ನೇತುಬಿದ್ದಿರುತ್ತಾರೆ. ಇವನು ಬೆನ್ನು ಕೊಟ್ಟು ನಿಲ್ಲುತ್ತಾನೆ, ಕಾಲಡಿ ಸಿಕ್ಕ ಪಕ್ಕನ್ನು ಸ್ಕೇಟಿನಿಂದ ತಳ್ಳಿ ಕೋಲಿಗೆ ತಂದುಕೊಳ್ಳುತ್ತಾನೆ, ಬಿದಿರು ಮೆಳೆಯಿಂದ ಆನೆ ಹೊರಗೆ ಬಂದ ಹಾಗೆ ಮೆಲ್ಲಗೆ ಬರುತ್ತಾನೆ, ಅಷ್ಟರಲ್ಲಿ ಸುಜುಕಿ ಖಾಲಿ ಜಾಗಕ್ಕೆ ಬಂದಾಗಿರುತ್ತದೆ. ಕಾಫೀಲ್ಡ್ ಈ ಸಲ 37 ಗೋಲು ಹೊಡೆದನಲ್ಲ, ಅದರ ಹಿಂದೆ ಈ ಕೆಲಸ ಎಷ್ಟಿದೆ ಅಂತ ಪಾಯಿಂಟ್ ಪಟ್ಟಿಯಲ್ಲಿ ಕಾಣಿಸಲ್ಲ.

ಇನ್ನು 2023. ಇಲ್ಲಿ ನಿನ್ನ ಹೊಟ್ಟೆಯುರಿ ನನಗೂ ಇದೆ. ಐದನೇ ಸರದಿ ನಮ್ಮದು. ಮಾಟ್ವೇ ಮಿಚ್ಕೋವ್ ಇನ್ನೂ ಉಳಿದಿದ್ದ. ಅಂಥ ಕೈಚಳಕದ ಹುಡುಗ ಐದಕ್ಕೆ ಸಿಗೋದೇ ಅಪರೂಪ. ನಮ್ಮವರು ಆಸ್ಟ್ರಿಯಾದ ಡಿಫೆನ್ಸ್ ಹುಡುಗ ಡೇವಿಡ್ ರೈನ್‌ಬಾಕರ್‌ನನ್ನು ತಗೊಂಡರು. ಮಿಚ್ಕೋವ್ ಏಳಕ್ಕೆ ಫಿಲಡೆಲ್ಫಿಯಾ ಪಾಲಾದ. ಅವನ ರಷ್ಯಾದ ಕರಾರು 2026ರವರೆಗೆ ಇತ್ತು, ಯುದ್ಧ ಬೇರೆ ನಡೀತಿತ್ತು, ಬರ್ತಾನೋ ಇಲ್ವೋ ಅನ್ನೋ ಭಯ ಎಲ್ಲ ತಂಡಗಳಿಗೂ ಇತ್ತು. ಕೊನೆಗೆ 2024ರಲ್ಲೇ ಬಂದ, ಮೊದಲ ಸೀಸನ್‌ನಲ್ಲೇ 26 ಗೋಲು, 63 ಪಾಯಿಂಟ್. ಇತ್ತ ರೈನ್‌ಬಾಕರ್ ಸೀಸನ್ ಶುರುವಾಗುವ ಮೊದಲೇ ಅಭ್ಯಾಸ ಪಂದ್ಯದಲ್ಲಿ ಮಂಡಿ ಮುರಿದುಕೊಂಡು ಆಪರೇಷನ್ ಮಾಡಿಸಿಕೊಂಡು ತಿಂಗಳುಗಟ್ಟಲೆ ಕೂತ. ಈ 2025ರ ಜುಲೈವರೆಗೂ ದೊಡ್ಡ ತಂಡದ ಪರ ಒಂದು ಲೀಗ್ ಪಂದ್ಯ ಆಡಿಲ್ಲ. ಅವತ್ತು ಆ ಮೇಜಿನಲ್ಲಿ ನಾನಿದ್ದಿದ್ದರೆ ಮಿಚ್ಕೋವ್ ಹೆಸರನ್ನೇ ಹೇಳುತ್ತಿದ್ದೆ. ಇಷ್ಟರವರೆಗೆ ನಿನಗೂ ನನಗೂ ಜಗಳ ಇಲ್ಲ.

ಜಗಳ ಇರೋದು ಇದರ ಮುಂದೆ. ಅವತ್ತು ರಾತ್ರಿ ಆ ಹುಡುಗನಿಗೆ ಜನ ಎಂಥೆಂಥ ಮೆಸೇಜ್ ಕಳಿಸಿದರು ಅಂತ ನೀನೂ ಓದಿದ್ದೀಯ. 18 ವರ್ಷ ಅವನಿಗೆ. ಜೀವನದ ದೊಡ್ಡ ದಿನ, ಕೋಟು ಹಾಕಿಕೊಂಡು ಅಪ್ಪ ಅಮ್ಮನ ಜೊತೆ ಬಂದಿದ್ದಾನೆ. ಯಾರೋ ಅವನ ಹೆಸರು ಕೂಗಿದರು, ಅವನು ಎದ್ದು ಹೋಗಿ ಜರ್ಸಿ ಹಾಕಿಕೊಂಡ. ಅವನು ಮಾಡಿದ್ದು ಅಷ್ಟೇ. ನನ್ನನ್ನೇ ಐದಕ್ಕೆ ಆರಿಸಿ ಅಂತ ಅವನು ಯಾರನ್ನೂ ಕೇಳಿಕೊಂಡಿರಲಿಲ್ಲ.

ನಿನಗೆ ಗೊತ್ತಿರುವ ಕತೆಯೇ, ಆದರೂ ಹೇಳ್ತೀನಿ, ನೀನೂ ಅವತ್ತು ಗ್ರೌಂಡಿನಲ್ಲಿ ಇದ್ದೆ. ಕೊಡಗಿನ ನಮ್ಮ ಕೌಟುಂಬಿಕ ಹಾಕಿಯಲ್ಲಿ ಡ್ರಾಫ್ಟ್ ಇಲ್ಲ, ಹುಟ್ಟಿದ ಒಕ್ಕಕ್ಕೇ (ಮನೆತನಕ್ಕೇ) ಆಡಬೇಕು, ತಾತನೂ ಆಡಬಹುದು, ಮೊಮ್ಮಗಳೂ ಆಡಬಹುದು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ್ದು, ಈಗ ಮುನ್ನೂರಕ್ಕೂ ಹೆಚ್ಚು ಒಕ್ಕಗಳು ಸೇರುವ ಹಬ್ಬವಾಗಿದೆ. ಆದರೂ ಹನ್ನೊಂದು ಜನರನ್ನು ಯಾರೋ ಒಬ್ಬರು ಆರಿಸಲೇಬೇಕಲ್ಲ. ನಮ್ಮಲ್ಲಿ ಅದು ದೊಡ್ಡಪ್ಪನ ಕೆಲಸ. ಆ ವರ್ಷ ಪಂದ್ಯ ಟೈ ಆಗಿ ಪೆನಾಲ್ಟಿ ಸ್ಟ್ರೋಕ್‌ಗೆ ಬಂತು. ಕಾಲೇಜು ಟೀಮಿನಲ್ಲಿ ಆಡುತ್ತಿದ್ದ ಅಣ್ಣನನ್ನು ಬಿಟ್ಟು ದೊಡ್ಡಪ್ಪ ಕೊನೆಯ ಸ್ಟ್ರೋಕ್‌ಗೆ ನನ್ನನ್ನು ನಿಲ್ಲಿಸಿದರು. ನನಗೆ 15 ವರ್ಷ. ಚೆಂಡು ಕಂಬದ ಹೊರಗೆ ಹೋಯಿತು. ನಾವು ಸೋತೆವು.

ಮನೆಗೆ ಬಂದ ಮೇಲೆ ನನ್ನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಚಿಕ್ಕಮ್ಮ ತಟ್ಟೆಗೆ ಎರಡು ಕಡುಬು ಜಾಸ್ತಿ ಹಾಕಿದರು, ಅಷ್ಟೇ. ಆದರೆ ಜಗಲಿಯಲ್ಲಿ ರಾತ್ರಿ ಹನ್ನೊಂದರವರೆಗೆ ದೊಡ್ಡಪ್ಪನಿಗೆ ಪೂಜೆ ನಡೆಯಿತು. ಯಾಕೆ ಆ ಹುಡುಗನ್ನ ನಿಲ್ಲಿಸಿದೆ, ದೊಡ್ಡ ಹುಡುಗ ಇರಲಿಲ್ವಾ, ನಿನಗೆ ಕಣ್ಣಿಲ್ವಾ, ಹೀಗೆ. ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು, "ಆರಿಸಿದ್ದು ನಾನು, ನನ್ನನ್ನೇ ಕೇಳಿ" ಅಂದರು. ಒಳಗಿನ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿ ನಾನು ಆ ಮಾತು ಕೇಳಿಸಿಕೊಂಡೆ. ಮುಂದಿನ ವರ್ಷ ನಾನು ಮತ್ತೆ ಕೋಲು ಹಿಡಿದೆನಲ್ಲ, ಅದಕ್ಕೆ ಆ ರಾತ್ರಿಯೇ ಕಾರಣ. ಬೈಗುಳ ನನ್ನ ಮೇಲೆ ಬಿದ್ದಿದ್ದರೆ ಹಿಡಿಯುತ್ತಿದ್ದೆ ಅಂತ ನನಗೆ ಅನಿಸಲ್ಲ.

ಈ ಊರು ಅಂಥ ಬೈಗುಳವನ್ನು ಹುಡುಗರ ಮೇಲೆ ಹಿಂದೆಯೂ ಹಾಕಿದೆ. ನಾವಿದ್ದ ಬೀದಿಯ ಮೂಲೆ ಅಂಗಡಿಯ ಮುದುಕ, ಡೆನಿ ಸವಾರ್ ಅನ್ನೋ ಆಟಗಾರನ ವಿಷಯ ತೆಗೆದರೆ, ಚಿಲ್ಲರೆ ಕೊಡೋದನ್ನೇ ಮರೆಯುತ್ತಿದ್ದನಲ್ಲ? 1980ರ ಡ್ರಾಫ್ಟ್ ಕೂಡ ಮಾಂಟ್ರಿಯಲ್‌ನಲ್ಲೇ ನಡೆದದ್ದು, ಮೊದಲ ಸರದಿ ನಮ್ಮದೇ. ಸವಾರ್ ಇದೇ ಊರಲ್ಲಿ ಬೆಳೆದ ಹುಡುಗ, ಇಲ್ಲಿನ ಜೂನಿಯರ್ ತಂಡದಲ್ಲಿ ಆಡಿದವನು. ಅವನನ್ನು ಬಿಟ್ಟು ಡಗ್ ವಿಕನ್‌ಹೈಸರ್‌ನನ್ನು ತಗೊಂಡರು. ಮೂರನೆಯವನಾಗಿ ಶಿಕಾಗೋಗೆ ಹೋದ ಸವಾರ್ ಅಲ್ಲಿ ರಾಜನಾದ, ಮುಂದೆ ಹಾಲ್ ಆಫ್ ಫೇಮ್ ಸೇರಿದ. ವಿಕನ್‌ಹೈಸರ್ ಇಲ್ಲಿ ಪ್ರತಿ ಸಲ ಪಕ್ ಮುಟ್ಟಿದಾಗಲೂ ಜನರ ಕಣ್ಣಿಗೆ ಕಂಡದ್ದು ಸವಾರ್. 1983ರಲ್ಲಿ ಸೇಂಟ್ ಲೂಯಿಸ್‌ಗೆ ಕಳಿಸಿಬಿಟ್ಟರು. ಅವನು ಕೆಟ್ಟ ಆಟಗಾರನಾಗಿರಲಿಲ್ಲ, ಹತ್ತು ವರ್ಷ ಈ ಲೀಗಿನಲ್ಲಿ ಬಾಳಿದ. 37ನೇ ವಯಸ್ಸಿಗೆ ಕ್ಯಾನ್ಸರ್‌ನಿಂದ ತೀರಿಕೊಂಡ. ಇವತ್ತಿಗೂ ಇಲ್ಲಿ ಅವನ ಹೆಸರು ಬರುವುದು 'ಸವಾರ್‌ನನ್ನು ಬಿಟ್ಟು ತಗೊಂಡವನು' ಅಂತಲೇ. ಆರಿಸಿದವರ ಹೆಸರು ಅಂಗಡಿಯ ಮುದುಕನ ಬಾಯಲ್ಲಿ ಒಂದು ಸಲವೂ ಬಂದದ್ದು ನನಗೆ ನೆನಪಿಲ್ಲ.

ಹ್ಯೂಸ್‌ಗೆ ಡ್ರಾಫ್ಟ್ ಮಾಡಲು ಬರಲ್ಲ ಅಂತಲೂ ಬರೆದಿದ್ದೀಯ. ಇದನ್ನು ಮಾತ್ರ ಒಪ್ಪಲಾರೆ. ಮ್ಯಾನೇಜರ್ ಕೆಂಟ್ ಹ್ಯೂಸ್ ಬಂದದ್ದು 2022ರ ಜನವರಿಯಲ್ಲಿ. ಸ್ಲಾಫ್ಕೋವ್ಸ್ಕಿಯನ್ನು ಆರಿಸಿದ ಅದೇ ಡ್ರಾಫ್ಟ್‌ನ ಎರಡನೇ ದಿನ, 62ನೆಯವನಾಗಿ ಲೇನ್ ಹಟ್ಸನ್ ಸಿಕ್ಕ. ಉದ್ದ ಇಲ್ಲ, ತೂಕ ಇಲ್ಲ, ಡಿಫೆನ್ಸ್‌ಗೆ ಆಗಲ್ಲ ಅಂತ ಅಷ್ಟೂ ತಂಡಗಳು ಬಿಟ್ಟಿದ್ದವು. ನಾನಿನ್ನೂ ಬೆಳೀತೀನಿ ಅಂತ ವೈದ್ಯರ ಪತ್ರವನ್ನೇ ಆ ಹುಡುಗ ತಂಡಗಳಿಗೆ ಕೊಟ್ಟಿದ್ದನಂತೆ, ಓದಿದಾಗ ನನಗೆ ಕರುಳು ಚುರುಕ್ ಅಂತು. ಈ ಸೀಸನ್‌ನಲ್ಲಿ ಅವನು 60 ಅಸಿಸ್ಟ್ (ಗೋಲಿಗೆ ಕೊಟ್ಟ ಪಾಸ್), 66 ಪಾಯಿಂಟ್. ಹೊಸಬ ಡಿಫೆನ್ಸ್ ಆಟಗಾರನ ಅಸಿಸ್ಟ್ ಲೆಕ್ಕದಲ್ಲಿ ಲ್ಯಾರಿ ಮರ್ಫಿಯ ದಾಖಲೆಗೆ ಸಮ. ವರ್ಷದ ಹೊಸ ಆಟಗಾರನಿಗೆ ಕೊಡುವ ಕಾಲ್ಡರ್ ಟ್ರೋಫಿಯೂ ಅವನಿಗೇ ಬಂತು. 2024ರಲ್ಲಿ ಐದಕ್ಕೆ ಇವಾನ್ ಡೆಮಿಡೋವ್ ಸಿಕ್ಕಾಗ ರಷ್ಯಾದವನು ಅಂತ ಹಿಂದೆಮುಂದೆ ನೋಡದೆ ತಗೊಂಡರು. ಮಿಚ್ಕೋವ್ ವಿಷಯದಲ್ಲಿ ಪಾಠ ಕಲಿತರು ಅಂತಲೇ ನನ್ನ ಎಣಿಕೆ. 2025ರ ಏಪ್ರಿಲ್ 14ರಂದು ಅವನ ಮೊದಲ ಪಂದ್ಯ, ಮೊದಲ ಪಂದ್ಯದಲ್ಲೇ ಒಂದು ಗೋಲು, ಒಂದು ಅಸಿಸ್ಟ್. ಬೆಂಗಳೂರಲ್ಲಿ ಆಗ ಬೆಳಗಿನ ಜಾವ, ನೀನು ಎದ್ದು ಕೂತು ಫೋನಿನಲ್ಲಿ ಕಿರುಚಿದ್ದು ನಿನ್ನ ಅಮ್ಮ ಗಾಬರಿಯಾಗಿ ಎದ್ದು ಬಂದದ್ದು ಎಲ್ಲ ನನಗೆ ಇಲ್ಲಿ ಕೇಳಿಸಿತ್ತು.

ಈ ಸೀಸನ್‌ನಲ್ಲಿ ನಾವು ಪ್ಲೇಆಫ್‌ಗೆ ಹೋದದ್ದು ಸುಮ್ನೆ ಅದೃಷ್ಟ ಅಂತೀಯಲ್ಲ, ಅದರಲ್ಲಿ ಅರ್ಧ ಸತ್ಯ ಇದೆ. 82 ಪಂದ್ಯದಲ್ಲಿ ನಾವು ಹೊಡೆದದ್ದಕ್ಕಿಂತ ಹೊಡೆಸಿಕೊಂಡ ಗೋಲೇ ಜಾಸ್ತಿ. ಪ್ಲೇಆಫ್ ಜಾಗ ಖಾತ್ರಿಯಾದದ್ದು ಕಟ್ಟಕಡೆಯ ಪಂದ್ಯದಲ್ಲಿ, ಕ್ಯಾರೊಲಿನಾ ಮೇಲೆ 4-2. ವಾಷಿಂಗ್ಟನ್ ನಮ್ಮನ್ನು ಐದೇ ಪಂದ್ಯದಲ್ಲಿ ಮನೆಗೆ ಕಳಿಸಿತು. ಆದರೆ ಚಳಿಗಾಲದ ಶುರುವಿನಲ್ಲಿ ಪಟ್ಟಿಯ ತಳದ ಹತ್ತಿರ ಇದ್ದ ತಂಡ ಅದು. ಡಿಸೆಂಬರ್‌ನಲ್ಲಿ ಹೊಸ ಆಟಗಾರ ಕ್ಯಾರಿಯರ್ ಬಂದ ಮೇಲೆ ಡಿಫೆನ್ಸ್ ಉಸಿರಾಡಿತು, ಸುಜುಕಿ ಫೆಬ್ರವರಿ ಆದಮೇಲೆ ಇಡೀ ತಂಡವನ್ನು ಹೆಗಲ ಮೇಲೆ ಹೊತ್ತ, 89 ಪಾಯಿಂಟ್‌ವರೆಗೆ ಹೋದ. ಮೂರನೇ ಪ್ಲೇಆಫ್ ಪಂದ್ಯ ಬೆಲ್ ಸೆಂಟರ್‌ನಲ್ಲಿ 6-3 ಗೆದ್ದಾಗ ನಾನು ಹೊರಗೆ ಬೀದಿಯಲ್ಲಿ ನಿಂತಿದ್ದೆ. ಪಕ್ಕದಲ್ಲಿದ್ದ ಗುರುತಿಲ್ಲದ ಅಜ್ಜಿ ನನ್ನ ಕೈ ಹಿಡಿದು ಬಿಡಲೇ ಇಲ್ಲ.

ಈಗ ನಿನ್ನ ಕಡೆಯ ಗಟ್ಟಿ ವಾದವನ್ನು ನಾನೇ ಹೇಳ್ತೀನಿ, ನೀನು ಅದನ್ನು ಬರೆದೇ ಇಲ್ಲ. ಈ ಜೂನ್ 27ರಂದು ನಮ್ಮವರು ಮೊದಲ ಸುತ್ತಿನ ಎರಡು ಸರದಿ, 16 ಮತ್ತು 17, ಜೊತೆಗೆ ನಮ್ಮ ಆಟಗಾರ ಹೈನೆಮನ್‌ನನ್ನೂ ಕೊಟ್ಟು ನೋವಾ ಡಾಬ್ಸನ್‌ನನ್ನು ತಂದರು. ಎಂಟು ವರ್ಷದ ಕರಾರು. ಡಾಬ್ಸನ್ ಯಾರು? ಬಲಗೈ ಡಿಫೆನ್ಸ್ ಆಟಗಾರ. ರೈನ್‌ಬಾಕರ್ ಯಾರು? ಅವನೂ ಬಲಗೈ ಡಿಫೆನ್ಸ್. ಆ ಜಾಗ ತುಂಬಲು ಅಂತಲೇ ಮಿಚ್ಕೋವ್‌ನನ್ನು ಬಿಟ್ಟಿರಿ, ಎರಡು ವರ್ಷ ಆದಮೇಲೆ ಅದೇ ಜಾಗಕ್ಕೆ ಮತ್ತೆ ಇಷ್ಟು ಬೆಲೆ ಯಾಕೆ ಕೊಟ್ಟಿರಿ? ಈ ಪ್ರಶ್ನೆಯನ್ನು ಹ್ಯೂಸ್‌ಗೆ ಕೇಳಬೇಕು, ಜೋರಾಗಿಯೇ ಕೇಳಬೇಕು, ನಿನ್ನ ಜೊತೆ ನಾನೂ ಕೇಳ್ತೀನಿ. ಸಂಬಳ ತಗೊಂಡು ಆರಿಸುವ ಕೆಲಸ ಅವರದು. ಮಂಡಿಗೆ ಹೊಲಿಗೆ ಹಾಕಿಸಿಕೊಂಡು ಮತ್ತೆ ಸ್ಕೇಟ್ ಕಟ್ಟಿದ ಹುಡುಗನದಲ್ಲ.

ಕಳೆದ ವಸಂತದಲ್ಲಿ ಲವಾಲ್‌ಗೆ ಹೋಗಿ ನಮ್ಮ ಕಿರಿಯ ತಂಡದ ಪರ ಅವನು ಆಡಿದ್ದನ್ನು ನೋಡಿ ಬಂದೆ. ಮೊದಮೊದಲು ಮೂಲೆಗೆ ಹೋಗಲು ಹೆದರುತ್ತಿದ್ದ, ಪೆಟ್ಟಾದ ಕಾಲನ್ನು ಒಂದು ಚೂರು ಹಿಂದೆ ಇಟ್ಟುಕೊಂಡೇ ತಿರುಗುತ್ತಿದ್ದ. ಮೂರನೇ ಪಿರಿಯಡ್‌ನಲ್ಲಿ ಒಬ್ಬ ದಪ್ಪ ಫಾರ್ವರ್ಡ್ ನೇರ ಅವನ ಮೇಲೇ ಬಂದ. ನನ್ನ ಎದೆ ಹೊಡೆದುಕೊಂಡಿತು. ಇವನು ಆ ಕಾಲನ್ನೇ ಊರಿ ನಿಂತು ಡಿಕ್ಕಿ ತಡೆದುಕೊಂಡ, ಪಕ್ ಕಸಿದು ತಲೆ ಎತ್ತಿ ಮೆಲ್ಲಗೆ ಆಚೆಗೆ ಪಾಸ್ ಕೊಟ್ಟ. ಗೋಲೂ ಇಲ್ಲ, ಅಸಿಸ್ಟೂ ಇಲ್ಲ. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ, ಮುಂದಿನ ಸಾಲಿನವರು ತಿರುಗಿ ನೋಡಿದರು.

ಸೆಪ್ಟೆಂಬರ್‌ನಲ್ಲಿ ಕ್ಯಾಂಪ್ ಶುರು. ಅವನು ಆಡುವ ಮೊದಲ ಅಭ್ಯಾಸ ಪಂದ್ಯಕ್ಕೆ ಟಿಕೆಟ್ ತಗೋತೀನಿ, ಅಲ್ಲಿಂದಲೇ ವಿಡಿಯೋ ಕಾಲ್ ಮಾಡ್ತೀನಿ. ನಿನಗೆ ಬೆಳಗಿನ ಜಾವ ನಾಲ್ಕೂವರೆ ಆಗಿರುತ್ತೆ, ಎದ್ದಿರು. ಅಮ್ಮನಿಗೂ ಮೊದಲೇ ಹೇಳಿಟ್ಟಿರು.

ನಿನ್ನ,
ಮಾಂಟ್ರಿಯಲ್‌ನಲ್ಲಿ ಉಳಿದವನು
ಜುಲೈ 2025