ಹೆಬ್ಬೆಟ್ಟು ಒತ್ತುವ ಮೊದಲು

ಆಲ್ದೂರು,
ಶ್ರಾವಣ ಶನಿವಾರ

ಚಿರಂಜೀವಿ ಪುಟ್ಟುವಿಗೆ ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹನ್ನೊಂದು ದಿನದಿಂದ ಬಿಟ್ಟಿಲ್ಲ. ತೋಟದಲ್ಲಿ ಕೊಳೆರೋಗದ ಭಯ, ಮನೆಯಲ್ಲಿ ಕರೆಂಟಿನ ಕಣ್ಣಾಮುಚ್ಚಾಲೆ. ನಿನ್ನೆ ನಿನ್ನ ಅಪ್ಪ ಫೋನ್ ಮಾಡಿದ್ದ. ಹಾಸನದಲ್ಲಿ ನಿನಗೆ ಹೊಸ ಲ್ಯಾಪ್‌ಟಾಪ್ ಕೊಡಿಸಿದನಂತೆ, ಡಬ್ಬ ಇನ್ನೂ ಒಡೆದಿಲ್ಲವಂತೆ, ಸೋಮವಾರ ಅಂಗಡಿಗೆ ಒಯ್ದರೆ ಅವರೇ ಎಲ್ಲವನ್ನೂ ಹಾಕಿಕೊಡುತ್ತಾರಂತೆ. ಆ ಕೊನೆಯ ಮಾತು ಕೇಳಿಯೇ ಈ ಕಾಗದ ಬರೆಯಲು ಕುಳಿತೆ. ವಾಟ್ಸ್‌ಆ್ಯಪ್‌ನಲ್ಲಿ ಬರೆದರೆ ನೀನು ಓದದೆಯೇ ಒಂದು ಹೆಬ್ಬೆರಳಿನ ಚಿತ್ರ ಕಳುಹಿಸಿ ಕೈ ತೊಳೆದುಕೊಳ್ಳುತ್ತೀಯ. ಕಾಗದವಾದರೆ ಎರಡನೆಯ ಪುಟದವರೆಗಾದರೂ ಬಂದೀಯ ಎಂಬ ಆಸೆ.

ಅಂಗಡಿಗೆ ಕೊಡಬೇಡ. ಒಂದು ಭಾನುವಾರ ಮಧ್ಯಾಹ್ನ ಕುಳಿತು ನೀನೇ ಮಾಡು.

ಐದು ವರ್ಷದ ಹಿಂದೆ ನಾನು ಮಾಡಿದ ತಪ್ಪು ಇದೇ. ಕಾಫಿಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಬರೆದವಳು, ಒಂದು ಪೈಸೆ ವ್ಯತ್ಯಾಸಕ್ಕೆ ರಾತ್ರಿ ಎಂಟರವರೆಗೆ ಕುಳಿತವಳು, ಆ ದಿನ ಬಸ್ಸಿಗೆ ಹೊತ್ತಾಯಿತೆಂದು ಅಂಗಡಿಯ ಹುಡುಗನ ಕೈಗೆ ಲ್ಯಾಪ್‌ಟಾಪ್ ಕೊಟ್ಟು ಸುಮ್ಮನೆ ನಿಂತೆ. ಅವನು ಹತ್ತು ನಿಮಿಷದಲ್ಲಿ ಟಕಟಕನೆ ಒತ್ತಿ ‘ಆಯ್ತು ಮೇಡಂ’ ಎಂದ. ಖಾತೆ ಕೇಳಿದ ಕಡೆ ತಾನೇ ಒಂದು ಇಮೇಲ್ ವಿಳಾಸ ಸೃಷ್ಟಿಸಿ, ತಾನೇ ಒಂದು ಪಾಸ್‌ವರ್ಡ್ ಹಾಕಿದ್ದ. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಹೋದ ವರ್ಷ ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟಿತು. ಹೊಸದು ಹಾಕಿಸಿ ಆನ್ ಮಾಡಿದರೆ ನೀಲಿ ಪರದೆ: ಡಿಸ್ಕಿನ ಬೀಗ ತೆರೆಯಲು 48 ಅಂಕೆಗಳ ರಿಕವರಿ ಕೀ ಕೊಡಿ. ಆ ಕೀ ಇರುವುದು ಆ ಹುಡುಗ ಸೃಷ್ಟಿಸಿದ ಖಾತೆಯಲ್ಲಿ. ಹುಡುಗ ಎಂದೋ ಕೆಲಸ ಬಿಟ್ಟು ಹೋಗಿದ್ದ. ನಾಲ್ಕು ವರ್ಷದ ತೋಟದ ಲೆಕ್ಕ, ನಿನ್ನ ಅಜ್ಜಿಯ ಕೊನೆಯ ದಿನಗಳ ಫೋಟೋಗಳು ಈಗಲೂ ಆ ಡಿಸ್ಕಿನಲ್ಲಿವೆ. ಇವೆ, ಅಷ್ಟೇ.

ಅದು ಬೀಗದ ತಪ್ಪಲ್ಲ. ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿ ಮಾಡಿಡುವ ಈ ವ್ಯವಸ್ಥೆ ಒಳ್ಳೆಯದೇ. ಬೇಲೂರಿನ ಬಸ್ಸಿನಲ್ಲಿ ನಿನ್ನ ಚೀಲ ಹೋದರೂ ಕದ್ದವನಿಗೆ ಒಂದಕ್ಷರ ಓದಲಾಗುವುದಿಲ್ಲ. ಈಗಿನ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ ಸಾಮಾನ್ಯವಾಗಿ ಅದು ತಾನಾಗಿಯೇ ಚಾಲೂ ಆಗುತ್ತದೆ, ಕೀ ಆ ಖಾತೆಯಲ್ಲಿ ಕುಳಿತಿರುತ್ತದೆ. ಅಂದರೆ ಬೀಗ ನಿನ್ನದು, ಆದರೆ ಒಂದು ಕೀಲಿ ಕಂಪನಿಯ ಮೊಳೆಗೂ ನೇತುಬಿದ್ದಿರುತ್ತದೆ. ಅದು ನನಗೆ ಪೂರ್ತಿ ಒಪ್ಪಿಗೆಯಲ್ಲ. ಆದರೂ ವಿದ್ಯಾರ್ಥಿಗೆ ಕಳ್ಳನಿಗಿಂತ, ಕಂಪನಿಗಿಂತ, ಸ್ವಂತ ಮರೆವೇ ದೊಡ್ಡ ಶತ್ರು. ಖಾತೆ ನಿನ್ನ ಹೆಸರಿನಲ್ಲಿ, ನಿನ್ನ ಕೈಯಿಂದಲೇ ಆಗಲಿ.

ನಿನ್ನ ಅಜ್ಜನ ವಿಷಯ ನಿನಗೆ ಯಾರೂ ಹೇಳಿರಲಾರರು. ಆ ಕಾಲದಲ್ಲಿ ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಬೆಳೆ ಸೇರುವ ಒಟ್ಟು ದಾಸ್ತಾನಿಗೆ, ಒಪ್ಪಿಸಬೇಕಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು. ನಡುವಿನ ತಿಂಗಳುಗಳಿಗೆ ಸಾಲವೇ ಗತಿ. ಒಮ್ಮೆ ಸಾಹುಕಾರರೊಬ್ಬರು ‘ಆಮೇಲೆ ಬರೆದುಕೊಳ್ಳೋಣ’ ಎಂದು ಖಾಲಿ ಛಾಪಾ ಕಾಗದ ಮುಂದಿಟ್ಟರು. ಅಜ್ಜ ಹೆಬ್ಬೆಟ್ಟು ಒತ್ತಿದರು. ಹೊಳೆಬದಿಯ ಎರಡು ಎಕರೆ ಗದ್ದೆ ಹೋಯಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಅಜ್ಜನಿಗೆ ಓದಲು ಬರುತ್ತಿರಲಿಲ್ಲ. ನಿನಗೆ ಬರುತ್ತದೆ, ಆದರೂ ‘ಐ ಅಗ್ರೀ’ ಎಂದಿದ್ದಲ್ಲೆಲ್ಲ ಕೋಲೆ ಬಸವನಂತೆ ತಲೆಯಾಡಿಸುತ್ತೀಯ. ನಿನ್ನ ಮೊಬೈಲಿನಲ್ಲಿ ಟಾರ್ಚ್ ಆ್ಯಪ್‌ಗೆ ಫೋನ್ ನಂಬರುಗಳ ಪಟ್ಟಿ ನೋಡುವ ಅನುಮತಿ ಇದ್ದದ್ದನ್ನು ಯುಗಾದಿಗೆ ಬಂದಾಗ ನಾನೇ ಕಂಡಿದ್ದೇನೆ.

ಮೊದಲ ದಿನ ವಿಂಡೋಸ್ ಒಂದರ ಹಿಂದೊಂದು ಪ್ರಶ್ನೆ ಕೇಳುತ್ತದೆ. ಅದರಲ್ಲೊಂದು ಪ್ರೈವಸಿಯ ಪುಟ. ನೀನು ಇರುವ ಜಾಗ ತಿಳಿಯಬಹುದೇ, ಯಂತ್ರ ಹೇಗೆ ನಡೆಯುತ್ತಿದೆ ಎಂಬ ವರದಿ ಕಳುಹಿಸಬಹುದೇ, ನೀನು ಬರೆಯುವುದರ ಮಾದರಿ ತೆಗೆದುಕೊಳ್ಳಬಹುದೇ, ನಿನ್ನ ಅಭಿರುಚಿಗೆ ತಕ್ಕ ಜಾಹೀರಾತು ತೋರಿಸಬಹುದೇ ಎಂದು. ಸ್ವಿಚ್‌ಗಳು ಮೊದಲೇ ‘ಹೌದು’ ಕಡೆಗೆ ವಾಲಿರುತ್ತವೆ. ಜಾಹೀರಾತಿನದು, ಬರವಣಿಗೆಯದು, ನಿನಗೆಂದೇ ಹೊಂದಿಸಿದ ಸಲಹೆ ತೋರಿಸುವ ‘ಟೇಲರ್ಡ್ ಎಕ್ಸ್‌ಪೀರಿಯನ್ಸ್’ ಎಂಬುದು, ಮೂರನ್ನೂ ಯೋಚಿಸದೆ ಆಫ್ ಮಾಡು. ಜಾಹೀರಾತುಗಳ ಸಂಖ್ಯೆ ಇದರಿಂದ ಕಡಿಮೆಯಾಗುವುದಿಲ್ಲ, ನಿನ್ನ ಎದೆಗೇ ಗುರಿಯಿಡುವುದು ಮಾತ್ರ ತಪ್ಪುತ್ತದೆ. ಯಂತ್ರದ ವರದಿಯನ್ನು ಮನೆಬಳಕೆಯ ಹೋಮ್ ಆವೃತ್ತಿಯಲ್ಲಿ ಪೂರ್ತಿ ನಿಲ್ಲಿಸಲಾಗದು. ಕಡ್ಡಾಯವಾದದ್ದನ್ನು ಬಿಟ್ಟು ಐಚ್ಛಿಕವಾದದ್ದನ್ನು ತೆಗೆ. ಜಾಗದ ವಿಷಯದಲ್ಲಿ ನನಗೂ ಎರಡು ಮನಸ್ಸು. ಕಳೆದುಹೋದ ಲ್ಯಾಪ್‌ಟಾಪ್ ಹುಡುಕಲು ಅದು ಬೇಕು. ನಾನು ಮನೆಯಲ್ಲೇ ಇರುವವಳು, ಆಫ್ ಮಾಡಿದ್ದೇನೆ. ನೀನು ಓಡಾಡುವವನು, ಸೌಲಭ್ಯ ಇಟ್ಟುಕೋ, ಆದರೆ ಯಾವ ಯಾವ ಆ್ಯಪ್‌ಗೆ ಜಾಗ ಹೇಳಬೇಕೆಂಬುದನ್ನು ಸೆಟ್ಟಿಂಗ್ಸ್‌ಗೆ ಹೋಗಿ ಒಂದೊಂದಾಗಿ ಆರಿಸು.

ಬೆರಳಚ್ಚು ಕೇಳಿದರೆ ಹೆದರಬೇಡ. ಬೆರಳು ಇಟ್ಟು ಒಳಗೆ ಹೋಗುವ ವಿಂಡೋಸ್ ಹಲೋದ ಬೆರಳಚ್ಚು ಆ ಯಂತ್ರದೊಳಗೇ ಉಳಿಯುತ್ತದೆ, ಕಂಪನಿಗೆ ಹೋಗುವುದಿಲ್ಲ. ಅಜ್ಜನ ಹೆಬ್ಬೆಟ್ಟಿಗೆ ಇಲ್ಲದ ಭಾಗ್ಯ.

ಒನ್‌ಡ್ರೈವ್ ಎಂಬ ಮೈಕ್ರೋಸಾಫ್ಟಿನ ಇಂಟರ್ನೆಟ್ ಉಗ್ರಾಣದ ಬಗ್ಗೆ ಎಚ್ಚರ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಫೋಲ್ಡರ್‌ಗಳನ್ನು ಅದು ಮೋಡಕ್ಕೆ, ಅಂದರೆ ಆ ಉಗ್ರಾಣಕ್ಕೆ, ಏರಿಸಲು ನೋಡುತ್ತದೆ. ಉಚಿತವಾಗಿ ಸಿಗುವುದು 5 ಜಿಬಿ. ಅದು ತುಂಬಿದ ಕೂಡಲೇ ‘ಹಣ ಕೊಟ್ಟು ಜಾಗ ತೆಗೆದುಕೋ’ ಎಂಬ ರಾಗ ಶುರುವಾಗುತ್ತದೆ. ಬೇಕೆಂದು ನೀನೇ ನಿರ್ಧರಿಸುವವರೆಗೆ ಆ ಬ್ಯಾಕಪ್ ನಿಲ್ಲಿಸು, ಬದಲಿಗೆ ಒಂದು ಹೊರಗಿನ ಹಾರ್ಡ್ ಡಿಸ್ಕ್ ಕೊಂಡುಕೋ. ಅದರ ಹಣ ನಾನು ಕೊಡುತ್ತೇನೆ, ಅಪ್ಪನಿಗೆ ಹೇಳಬೇಡ.

ಇನ್ನು ವೇಗದ ಮಾತು. ಹೊಸ ಯಂತ್ರ ನಿಧಾನವಾಗುವುದು ಹೆಚ್ಚಾಗಿ ಅದರ ಜೊತೆ ಬಂದ ಬಿಟ್ಟಿ ಸಾಮಾನಿನಿಂದ. ‘ಬಿಟ್ಟಿ ಸಿಕ್ಕಿದರೆ ನನಗೊಂದಿರಲಿ, ನಮ್ಮಪ್ಪನಿಗೂ ಒಂದಿರಲಿ’ ಎನ್ನುವವರು ನಾವು. ತಿಂಗಳೊಪ್ಪತ್ತು ಉಚಿತ ಎನ್ನುವ ಆ್ಯಂಟಿವೈರಸ್, ಕೇಳದ ಆಟಗಳು, ತಯಾರಕರ ಅಂಗಡಿಯ ಆ್ಯಪ್, ಎಲ್ಲವನ್ನೂ ಕಿತ್ತುಹಾಕು. ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ತಾನಾಗಿ ಕಾವಲಿಗೆ ಬರುತ್ತದೆ, ನಿನಗೆ ಅದು ಸಾಕು. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆ. ಸ್ಟಾರ್ಟ್ಅಪ್ ಆ್ಯಪ್ಸ್ ಪಟ್ಟಿಯಲ್ಲಿ, ಯಂತ್ರ ಕಣ್ಣು ಬಿಡುವ ಮೊದಲೇ ಎದ್ದು ಕೂರುವ ಮಹನೀಯರೆಲ್ಲ ಸಿಗುತ್ತಾರೆ. ಬೇಡದವರನ್ನು ಮಲಗಿಸು. ವೇಗ ಹೆಚ್ಚಿಸುತ್ತೇವೆ, ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಖಾತೆಪುಸ್ತಕ) ತೊಳೆಯುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳನ್ನು ಹತ್ತಿರ ಸೇರಿಸಬೇಡ. ಅಪ್‌ಡೇಟ್‌ಗಳನ್ನು ಮಾತ್ರ ಮುಂದೂಡಬೇಡ. ಪ್ರತಿ ತಿಂಗಳ ಎರಡನೆಯ ಮಂಗಳವಾರ ಬರುವುದು ಹೆಚ್ಚಾಗಿ ಕಳ್ಳಗಂಡಿ ಮುಚ್ಚುವ ಕೆಲಸ. ದಿನನಿತ್ಯದ ಬಳಕೆಗೆ ಅಡ್ಮಿನಿಸ್ಟ್ರೇಟರ್ ಅಲ್ಲದ ಇನ್ನೊಂದು ಸಾಧಾರಣ ಖಾತೆ ಮಾಡಿಕೊಂಡರೆ, ಸ್ನೇಹಿತನ ಪೆನ್‌ಡ್ರೈವ್‌ನಿಂದ ಬಂದ ಪೀಡೆಯ ಕೈ ಅಷ್ಟು ಉದ್ದವಾಗುವುದಿಲ್ಲ. ಇಂಟರ್ನೆಟ್ ನೋಡಲು ಫೈರ್‌ಫಾಕ್ಸ್ ಮತ್ತು ಅದರೊಳಗೆ ಜಾಹೀರಾತು ತಡೆಯುವ ಯೂಬ್ಲಾಕ್ ಒರಿಜಿನ್, ಬರವಣಿಗೆಗೆ ಲಿಬ್ರೆಆಫೀಸ್. ನನಗೆ ಇವಿಷ್ಟರಲ್ಲೇ ದಿನ ಕಳೆಯುತ್ತದೆ. ಕನ್ನಡಕ್ಕೆ ಯಾವುದೋ ತಾಣದಿಂದ ಕೀಲಿಮಣೆ ಇಳಿಸಬೇಡ. ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿದರೆ ಫೊನೆಟಿಕ್ ಕೀಲಿಮಣೆ ಅಲ್ಲೇ ಇದೆ.

ಒಂದು ದೃಶ್ಯ ಹೇಳುತ್ತೇನೆ. ಕಳೆದ ಚಳಿಗಾಲದಲ್ಲಿ ಚಿಕ್ಕಮಗಳೂರಿನ ಒಂದು ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಮುದ್ರಿಸಬೇಕಾದ ನನ್ನ ಕಾಗದ ಹುಡುಕಲು ಅಂಗಡಿಯವನು ಡೌನ್‌ಲೋಡ್ಸ್ ಫೋಲ್ಡರ್ ತೆರೆದ. ಪರದೆಯ ತುಂಬ ಯಾರು ಯಾರದೋ ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ನನ್ನ ಪಕ್ಕದಲ್ಲಿ ನಿಂತಿದ್ದ ಹುಡುಗಿ ತನ್ನ ಫೋಟೋವನ್ನು ತಾನೇ ನೋಡಿ ಬೆಚ್ಚಿದಳು. ಇಳಿಸಿಕೊಂಡ ಆಧಾರ್‌ಗೆ ಪಾಸ್‌ವರ್ಡ್ ಇದೆ ಎನ್ನಬೇಡ. ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ. ಊರಿಗೆಲ್ಲ ಗೊತ್ತಿರುವ ಗುಟ್ಟು ಅದು. ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೋ, ಮುದ್ರಣವಾದ ಮೇಲೆ ನಿನ್ನ ಫೈಲನ್ನು ಎದುರಿಗೇ ಅಳಿಸಿಸು. ರೀಸೈಕಲ್ ಬಿನ್‌ನಿಂದಲೂ.

‘ನನ್ನಲ್ಲಿ ಮುಚ್ಚಿಡುವಂಥದ್ದೇನಿದೆ ಅತ್ತೆ’ ಎಂದು ನೀನು ನಗುವುದು ಇಲ್ಲಿಗೇ ಕೇಳಿಸುತ್ತಿದೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ಮೇಲೆ, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು ಅದೇ ಪ್ರಕರಣದಲ್ಲಿ. ಅವರಿಗೂ ಮುಚ್ಚಿಡುವಂಥದ್ದೇನಿತ್ತು? ನನ್ನ ಬಚ್ಚಲಿಗೂ ಬಾಗಿಲಿದೆ, ಒಳಗೆ ನಾನು ಕಳ್ಳನೋಟು ಅಚ್ಚು ಹಾಕುವುದಿಲ್ಲ.

ಮಳೆಗಾಲದ ಕೆಲವು ಮಾತು. ಇಲ್ಲಿಗೆ ಬಂದಾಗ ಗುಡುಗಿದ ಕೂಡಲೇ ಚಾರ್ಜರನ್ನು ಗೋಡೆಯಿಂದ ಕಿತ್ತಿಡು. ಸ್ವಿಚ್ ಆರಿಸಿದರೆ ಸಾಲದು, ನನ್ನದು ಸುಟ್ಟದ್ದು ಸ್ವಿಚ್ ಆರಿಸಿದ್ದಾಗಲೇ. ಬ್ಯಾಗಿನಲ್ಲೇ ವಾರಗಟ್ಟಲೆ ಇಟ್ಟರೆ ನಮ್ಮ ಕಡೆ ಚಪ್ಪಲಿಗೆ ಹಿಡಿಯುವ ಬೂಷ್ಟು ಕೀಲಿಮಣೆಗೂ ಹಿಡಿಯುತ್ತದೆ. ತಯಾರಕರ ಆ್ಯಪ್‌ನಲ್ಲಿ ಬ್ಯಾಟರಿಯನ್ನು ಶೇ. 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ (ಎಲ್ಲ ಕಿತ್ತುಹಾಕು ಎಂದೆನಲ್ಲ, ಇದೊಂದನ್ನು ಉಳಿಸು) ಹಾಸ್ಟೆಲಿನಲ್ಲಿ ಸದಾ ಪ್ಲಗ್ಗಿಗೆ ಸಿಕ್ಕಿಸಿಟ್ಟರೂ ಬ್ಯಾಟರಿ ಬೇಗ ಸೋಲುವುದಿಲ್ಲ.

ಯಾರಾದರೂ ಕಂಪನಿಯವರೆಂದು ಕರೆ ಮಾಡಿ ನಿನ್ನ ಪರದೆ ಹಂಚಿಕೊಳ್ಳಲು ಹೇಳಿದರೆ ಫೋನ್ ಇಡು. ಹಣವೇನಾದರೂ ಹೋದರೆ ನಾಚಿಕೆಪಡುತ್ತಾ ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡು, ಆಮೇಲೆ ನನಗೆ. ಅಪ್ಪನಿಗೆ ಹೇಗೆ ಹೇಳುವುದೆಂದು ಇಬ್ಬರೂ ಕೂಡಿ ಯೋಚಿಸೋಣ.

ಎಲ್ಲ ಮುಗಿದ ಮೇಲೆ ನಿನ್ನ ಖಾತೆಯ ಪುಟದಲ್ಲಿರುವ ಆ 48 ಅಂಕೆಗಳನ್ನು ಎರಡು ಹಾಳೆಗಳಲ್ಲಿ ಕೈಯಿಂದ ಬರೆ. ಒಂದು ನಿನ್ನ ಬಳಿ ಇರಲಿ, ಲ್ಯಾಪ್‌ಟಾಪ್ ಚೀಲದಲ್ಲಿ ಮಾತ್ರ ಬೇಡ. ಇನ್ನೊಂದನ್ನು ಗೌರಿ ಹಬ್ಬಕ್ಕೆ ಬರುವಾಗ ತೆಗೆದುಕೊಂಡು ಬಾ. ಫೋಟೋ ತೆಗೆದು ಕಳುಹಿಸಬೇಡ. ಅಜ್ಜನ ಗದ್ದೆಯ ಹಳೆಯ ಪಹಣಿ ಇರುವ ಟ್ರಂಕಿನಲ್ಲಿ ಇಡುತ್ತೇನೆ.

ನಿನ್ನ
ಸೋದರತ್ತೆ